ಲ್ವಾಳ್ಯಾ ಎಂಬ ಹೆಸರು

ನನಗೆ ಹತ್ತು ವರ್ಷವಿದ್ದಾಗ ಅಣ್ಣನಿಗೆ ಒಂದು ಸುಳ್ಳು ಹೇಳಿದೆ. ಅದು ಸುಳ್ಳು ಅಂತ ಒಪ್ಪಿಕೊಳ್ಳಲು ಐವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಹೇಳಲು ಹೊತ್ತು ಸಿಗಲಿಲ್ಲ ಅಂತಲ್ಲ. ಪಂಚಮಿಗೆ ತವರಿಗೆ ಹೋದಾಗಲೆಲ್ಲ ಅಣ್ಣ ನನ್ನ ಚೀಲ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಪಕ್ಕದಲ್ಲೇ ನಡೆಯುತ್ತಿದ್ದ. ಅಷ್ಟು ದಾರಿಯಲ್ಲಿ ಹೇಳಬಹುದಿತ್ತು. ನನ್ನ ಮಗ ಹುಟ್ಟಿದಾಗ ಮೊದಲ ದಿನವೇ ಬಂದು ಕೂಸಿನ ಮೂಗು ನೋಡಿ, "ಸ್ವಚ್ಛ ಅದಾನ ಬಿಡು" ಅಂತ ನಕ್ಕಿದ್ದ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ದೊಡ್ಡ ಕಾರಣವೇನೂ ಇಲ್ಲ. ಅವನ ಕಣ್ಣಲ್ಲಿ ನಾನು ಒಳ್ಳೆಯವಳಾಗಿದ್ದೆ. ಹಾಗೇ ಉಳಿಯಬೇಕು ಅಂತ ಆಸೆ ಇತ್ತು.

ಹೋದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಅಣ್ಣ ತೀರಿಕೊಂಡ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ರೋಣ ತಾಲೂಕಿನ ನಮ್ಮ ಊರಿನಲ್ಲಿ ಬಹಳ ಜನರಿಗೆ ಗುರುತು ಸಿಗಲಿಕ್ಕಿಲ್ಲ. ಒಮ್ಮೆ ಎಲೆಕ್ಷನ್ನಿನಲ್ಲಿ ಪಟ್ಟಿ ಹಿಡಿದು ಕೂತವರು ಅವನ ಹೆಸರನ್ನು ಕೂಗಿದರಂತೆ. ಸಾಲಿನಲ್ಲಿ ನಿಂತವರೆಲ್ಲ ಯಾರಪ್ಪ ಇವನು ಅಂತ ಹಿಂದೆ ಮುಂದೆ ನೋಡಿದರು. ಅಣ್ಣನೂ ಹಿಂದೆ ತಿರುಗಿ ನೋಡಿದ. ಕೊನೆಗೆ ಅತ್ತಿಗೆಯೇ ಹೆಂಗಸರ ಸಾಲಿನಿಂದ ಕೂಗಬೇಕಾಯಿತು: "ನಿಮ್ಮನ್ನ ಕರ್ಯಾಕತ್ತಾರ, ಹೋಗ್ರಿ!"

ಊರಿಗೆಲ್ಲ ಅವನು ಲ್ವಾಳ್ಯಾ. ಪುಸ್ತಕದಲ್ಲಿ ಲೋಳೆ ಅಂತ ಬರೆಯುವುದನ್ನು ನಮ್ಮ ಕಡೆ ಲ್ವಾಳಿ ಅನ್ನುತ್ತೇವೆ. ಬೆಂಡಿಕಾಯಿ ಹೆಚ್ಚಿದಾಗ ಕೈಗೆ ಅಂಟುವುದು ಲ್ವಾಳಿ, ಹುಟ್ಟಿದ ಕರುವಿನ ಮೈಮೇಲೆ ಇರುವುದೂ ಲ್ವಾಳಿ. ಅದರಿಂದ ಹುಟ್ಟಿದ ಹೆಸರು ಲ್ವಾಳ್ಯಾ. ಸಣ್ಣವರು ಲ್ವಾಳಿಕಾಕಾ ಅನ್ನುತ್ತಿದ್ದರು. ಒಬ್ಬರು ಮರ್ಯಾದೆ ಕೊಡಬೇಕೆಂದು ಮಗಳ ಲಗ್ನಪತ್ರಿಕೆಯಲ್ಲಿ "ಶ್ರೀ ಲ್ವಾಳೆಪ್ಪನವರು" ಅಂತ ಅಚ್ಚು ಹಾಕಿಸಿದ್ದರು. ಅಣ್ಣ ಆ ಪತ್ರಿಕೆಯನ್ನು ಗೋಡೆಯ ಮೊಳೆಗೆ ಚುಚ್ಚಿ ಬಹಳ ದಿನ ಇಟ್ಟುಕೊಂಡಿದ್ದ.

ಈ ಹೆಸರಿಗೆ ತಕ್ಕ ಕೆಲಸವನ್ನೇ ಅವನು ಜೀವನವಿಡೀ ಮಾಡಿದ. ಇದ್ದ ಐದೆಕರೆ ಎರೆಹೊಲದಲ್ಲಿ ಕಡಲೆ, ಜೋಳ ಬೆಳೆಯುತ್ತಿದ್ದ. ಆದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಆಕಳು, ಎಮ್ಮೆ ಈಯಲು ಕಷ್ಟಪಡುವಾಗ. ನಮ್ಮ ಊರಷ್ಟೇ ಅಲ್ಲ, ನರೇಗಲ್ ಕಡೆಯಿಂದ, ಅಸೂಟಿಯಿಂದ ಮೋಟರ್‌ಸೈಕಲ್ ತಂದು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಹೋಗುವಾಗ ಅವನು ಹಿಡಿದುಕೊಳ್ಳುತ್ತಿದ್ದುದು ಒಂದು ಹಗ್ಗ, ಒಂದು ಸಾಬೂನು, ಒಂದು ಹಿಡಿ ಅಗಸಿ ಬೀಜ. ಅಷ್ಟೇ.

ಅಗಸಿ ಬೀಜವನ್ನು ನೀರಿನಲ್ಲಿ ಕುದಿಸಿ ಆರಿಸಿದರೆ ದಪ್ಪನೆಯ ಲ್ವಾಳಿ ಬಿಡುತ್ತದೆ. ಅದನ್ನು ಮೊಣಕೈ ದಾಟುವವರೆಗೆ ಸವರಿಕೊಂಡು ಕೈ ಒಳಗೆ ಹಾಕುತ್ತಿದ್ದ. ಆಗ ಅವನ ಕಣ್ಣು ಎಲ್ಲಿಯೂ ನೋಡುತ್ತಿರಲಿಲ್ಲ. ಮಾಳಿಗೆಯ ಜಂತಿಯ ಮೇಲೆ ನಿಂತಿರುತ್ತಿತ್ತು, ಬೆರಳುಗಳು ನೋಡುತ್ತಿದ್ದವು. "ಮುಂಗಾಲು ಮಡಚೈತಿ," ಅನ್ನುತ್ತಿದ್ದ. "ತಲಿ ಹೊಳ್ಳೈತಿ. ತಡೀರಿ, ಅವಸರ ಮಾಡಬ್ಯಾಡ್ರಿ. ಲ್ವಾಳಿ ಇರೂಮಟ ಜೀವ ಜಾರ್ತೈತಿ. ಒಣಗಿತಂದ್ರ ಅಲ್ಲೇ ಸಿಗಬೀಳ್ತೈತಿ."

ಕರು ಹೊರಗೆ ಬಿದ್ದ ಕೂಡಲೇ ಬೆರಳಿನಿಂದ ಅದರ ಬಾಯಿ ಮೂಗು ಬಳಿದು, ಒಂದು ಹುಲ್ಲುಕಡ್ಡಿಯನ್ನು ಮೂಗಿನೊಳಗೆ ಆಡಿಸುತ್ತಿದ್ದ. ಕರು ಸೀನಿದರೆ ಅವನ ಮುಖ ನೋಡಬೇಕು. ತಾನೇ ಸೀನಿ ಹಗುರಾದವನ ಹಾಗೆ. ಮನೆಯವರು ಕರುವಿನ ಮೈ ಒರೆಸಲು ಅರಿವೆ ತಂದರೆ ಮಾತ್ರ ಸಿಟ್ಟಿಗೇಳುತ್ತಿದ್ದ.

"ಅರಿವಿ ಒಳಗ ಇಡ್ರಿ. ತಾಯಿ ನೆಕ್ಕಲಿ."

"ಹೊಲಸ ಐತಲ್ಲೋ ಲ್ವಾಳ್ಯಾ."

"ಹೊಲಸ ನಿಮಗ. ಅದಕ್ಕ ಅದು ಮಗನ ಗುರ್ತು. ಅಳಿಸಿ ಬಿಟ್ಟಿರಂದ್ರ ನಾಳೆ ಮಲಿಗೆ ಬಿಟ್ಟಾಗ ಒದೀತೈತಿ, ಆಗ ನನ್ನ ಕರೀಬ್ಯಾಡ್ರಿ."

ಈ ಕೆಲಸಕ್ಕೆ ಅವನು ತೆಗೆದುಕೊಳ್ಳುತ್ತಿದ್ದುದು ಒಂದು ಬಟ್ಟಲು ಗಿಣ್ಣ, ಅದೂ ಬೆಲ್ಲ ಏಲಕ್ಕಿ ಸರಿಯಾಗಿ ಬಿದ್ದಿರಬೇಕು. ಬೀಳದಿದ್ದರೆ ಮುಖಕ್ಕೆ ಹೇಳುತ್ತಿದ್ದ. ಮನೆಗೆ ಬಂದ ಮೇಲೆ ಕಡಲೆಹಿಟ್ಟು ಹಚ್ಚಿ ಕೈ ತಿಕ್ಕುವುದೇ ಒಂದು ಗಂಟೆಯ ಕೆಲಸ. ಆ ಕೈಗಳು ಬೇಸಿಗೆಯಲ್ಲೂ ಬಿರಿಯುತ್ತಿರಲಿಲ್ಲ. ಅತ್ತಿಗೆ ಅನ್ನುತ್ತಿದ್ದಳು: "ನನ್ನ ಕೈ ನೋಡ್ರಿ, ಹಂಚಿನಂಗ ಆಗ್ಯಾವು. ಇವರವು ನೋಡ್ರಿ, ಮದಲಗಿತ್ತಿ ಕೈ!"

ಬೆದೆಗೆ ಬಂದ ಆಕಳನ್ನು ನೋಡಲೂ ಅವನನ್ನೇ ಕರೆಯುತ್ತಿದ್ದರು. ಬೆಳಿಗ್ಗೆ ಆಕಳ ಹಿಂದೆ ಇಳಿಬಿದ್ದ ಲ್ವಾಳಿಯ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎಳೆದು ನೋಡುತ್ತಿದ್ದ. ಕನ್ನಡಿಯಂತೆ ತಿಳಿಯಾಗಿ ತುಂಡಾಗದೆ ಎಳೆ ಬಂದರೆ "ಸಂಜಿಕ ಡಾಕ್ಟರನ್ನ ಕರೀರಿ, ಗಬ್ಬಕ್ಕ ಸೂಜಿ ಹಾಕಸ್ರಿ" ಅನ್ನುತ್ತಿದ್ದ. ಮಂಜುಮಂಜಾಗಿದ್ದರೆ "ಇದಕ್ಕ ಒಳಗ ನಂಜೈತಿ, ಔಷಧ ಹಾಕಸ್ರಿ". ಹೊಸದಾಗಿ ಬಂದಿದ್ದ ದನದ ಡಾಕ್ಟರರೊಬ್ಬರು ಮೊದಮೊದಲು ನಕ್ಕರಂತೆ. ಆಮೇಲೆ ಅವರೇ ಫೋನು ಮಾಡಿ ಕೇಳುತ್ತಿದ್ದರು: "ಹೆಂಗೈತ್ರಿ ಎಳಿ? ಈಗ ಬರ್ಲೋ, ಸಂಜಿಕ ಬರ್ಲೋ?"

ಊರಿನ ಎಲ್ಲ ದನದ ಮನೆಗಳಿಗೂ ಅವನು ಹೋದವನೇ. ಒಂದು ಮನೆಗೆ ಮಾತ್ರ ಹೋಗಲಿಲ್ಲ. ಅದು ಫಕೀರಪ್ಪನ ಮನೆ. ಅದಕ್ಕೆ ಕಾರಣ ನಾನು.

ಫಕೀರಪ್ಪ ಅಣ್ಣನ ಸಾಲಿಗೆಳೆಯ. ಇಬ್ಬರೂ ಏಳನೆಯ ಇಯತ್ತೆ, ಒಂದೇ ಮಣೆಯ ಮೇಲೆ ಕೂರುವವರು. ಮುಂದೆ ಹೈಸ್ಕೂಲಿಗೆ ನರೇಗಲ್ಲಿಗೆ ಹೋಗಬೇಕು, ಒಂದು ಹಳೆ ಸೈಕಲ್ಲಿನಲ್ಲಿ ಹೋಗುವಾಗ ಒಬ್ಬ ತುಳಿಯಬೇಕು, ಬರುವಾಗ ಇನ್ನೊಬ್ಬ ತುಳಿಯಬೇಕು ಅಂತ ಮಾತಾಗಿತ್ತು. ನಾನು ಆಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ನನ್ನ ಸಾಲಿ ಅಲ್ಲಿಗೇ ಮುಗಿದದ್ದು ಬೇರೆ ಮಾತು.

ಆ ದಿನ ಬೆಳಿಗ್ಗೆ ನಮ್ಮ ಆಕಳು ಈಯಿತು. ಅಪ್ಪ ಊರಲ್ಲಿರಲಿಲ್ಲ. ಹದಿಮೂರು ವರ್ಷದ ಅಣ್ಣನೇ ಅವ್ವನ ಜೊತೆ ನಿಂತು ಕರುವನ್ನು ಎಳೆದು ತೆಗೆದ. ಅದು ಅವನ ಮೊದಲ ಕರು. ಆ ಸಂತೋಷದಲ್ಲಿ ಕೈಕಾಲು ತೊಳೆದವನು ಅಂಗಿ ಬದಲಿಸಲಿಲ್ಲ. ಬದಲಿಸಲು ಇನ್ನೊಂದು ಅಂಗಿ ಒಣಗಿಯೂ ಇರಲಿಲ್ಲ. ಎದೆಯ ಮೇಲೆ ಲ್ವಾಳಿ ಒಣಗಿ, ಬಸವನಹುಳು ಹರಿದ ದಾರಿಯಂತೆ ಹೊಳೆಯುತ್ತಿತ್ತು. ಹಾಗೆಯೇ ತಡವಾಗಿ ಸಾಲಿಗೆ ಬಂದ. ನಾವು ಹುಡುಗಿಯರು ಬೇವಿನ ಗಿಡದ ಕೆಳಗೆ ಆಡುತ್ತಿದ್ದೆವು. ಒಬ್ಬಳು ಮೂಗು ಮುಚ್ಚಿಕೊಂಡು ಕೇಳಿದಳು: "ಏ, ಅಂವಾ ನಿಮ್ಮಣ್ಣ ಅಲ್ಲೇನ?"

ನಗುವವರ ಕಡೆ ಇರಬೇಕು, ನಗೆಗೀಡಾಗುವವರ ಕಡೆ ಅಲ್ಲ. ಹತ್ತು ವರ್ಷಕ್ಕೇ ಅಷ್ಟು ಬುದ್ಧಿ ಬಂದಿರುತ್ತದೆ. "ಅಣ್ಣ ಎಲ್ಲಿಂದು," ಅಂದೆ, "ಲ್ವಾಳ್ಯಾ ಅಂವಾ!"

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಖುಷಿಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ, ಖುಷಿಯಾಯಿತು. ಗಂಟೆ ಹೊಡೆಯುವುದರೊಳಗೆ ಆ ಮಾತು ಇಡೀ ಸಾಲಿಯನ್ನು ಸುತ್ತಿತು. ಅಣ್ಣ ತನ್ನ ಕ್ಲಾಸಿನ ಬಾಗಿಲಿಗೆ ಹೋದಾಗ ಒಳಗಿನಿಂದ ಫಕೀರಪ್ಪ ಕೂಗಿದನಂತೆ: "ಬಾರೋ ಲ್ವಾಳ್ಯಾ, ಜಾಗಾ ಹಿಡದೀನಿ!" ಅವನದು ಸಲಿಗೆಯ ಮಾತು. ಜಾಗ ಹಿಡಿದದ್ದೂ ನಿಜ. ಆದರೆ ಅಣ್ಣನ ಕಿವಿಗೆ ಆ ಹೆಸರು ಮೊದಲು ಬಿದ್ದದ್ದು ಅವನ ಬಾಯಿಂದ. ಕ್ಲಾಸೆಲ್ಲ ಗೊಳ್ಳೆಂದಿತು.

ಸಂಜೆ ಮನೆಗೆ ಬರುವ ದಾರಿಯಲ್ಲಿ ಅಣ್ಣ ನನ್ನನ್ನು ಕೇಳಿದ: "ನೀ ಗಿಡದ ಕೆಳಗ ಇದ್ದೆಲ್ಲ. ಹಂಗ ಮೊದಲ ಯಾರಂದ್ರು?"

ನಾನು ಅಂದೆ: "ಫಕೀರ್ಯಾ."

ಇದೇ ಆ ಸುಳ್ಳು.

ಮರುದಿನ ಫಕೀರಪ್ಪ ಅಣ್ಣನನ್ನು ಬಸವಣ್ಣನ ಗುಡಿಗೆ ಎಳೆದುಕೊಂಡು ಹೋಗಿ, ಬಸವಣ್ಣನ ಕೊಂಬು ಮುಟ್ಟಿ ಆಣೆ ಮಾಡಿದ. ನಾನು ಕಂಬದ ಮರೆಯಲ್ಲಿದ್ದೆ. "ಎಲ್ಲಾರೂ ಅನ್ನಾಕತ್ತಿದ್ರು, ನಾನೂ ಅಂದೆ. ಮೊದಲ ಅಂದಾಂವ ನಾ ಅಲ್ಲೋ," ಅಂತ ಅವನು ಅಳುತ್ತಿದ್ದ. ಅಣ್ಣ ಅಳಲಿಲ್ಲ. ಒಂದೇ ಮಾತು ಹೇಳಿ ಮೆಟ್ಟಿಲಿಳಿದ: "ನನ್ನ ತಂಗಿ ಸುಳ್ಳ ಹೇಳಂಗಿಲ್ಲ."

ಮುಂದೆ ನರೇಗಲ್ಲಿಗೆ ಆ ಸೈಕಲ್ಲನ್ನು ಹೋಗುವಾಗಲೂ ಬರುವಾಗಲೂ ಫಕೀರಪ್ಪ ಒಬ್ಬನೇ ತುಳಿದ. ಅಣ್ಣ ಹೈಸ್ಕೂಲಿಗೆ ಹೋಗಲಿಲ್ಲ. "ನನಗ ದನಾ ಸೇರ್ತಾವ, ಪುಸ್ತಕ ಸೇರಂಗಿಲ್ಲ" ಅಂದ. ಅದು ನಿಜವೇ ಇದ್ದೀತು. ಇಲ್ಲದೆಯೂ ಇದ್ದೀತು. ನನಗೆ ಇವತ್ತಿಗೂ ಗೊತ್ತಿಲ್ಲ.

ಲ್ವಾಳ್ಯಾ ಅನ್ನಿಸಿಕೊಳ್ಳುವುದು ಅವನಿಗೆ ಬರಬರುತ್ತ ಬೇಸರವೆನಿಸಲಿಲ್ಲ. ಹೆಸರನ್ನು ಅವನು ಪಳಗಿಸಿಕೊಂಡ, ತುಂಟ ಹೋರಿಯನ್ನು ಪಳಗಿಸಿದ ಹಾಗೆ. ಆದರೆ ಫಕೀರಪ್ಪನ ಓಣಿಯಲ್ಲಿ ಹಾಯುವಾಗ ಅವನ ನಡಿಗೆ ಬಿರುಸಾಗುತ್ತಿತ್ತು. ಫಕೀರಪ್ಪನೂ ಅಷ್ಟೇ, ಎದುರು ಬಂದರೆ ಚಪ್ಪಲಿಯ ಉಂಗುಟ ಸರಿ ಮಾಡಿಕೊಳ್ಳುವವನಂತೆ ಬಗ್ಗುತ್ತಿದ್ದ. ಒಂದೇ ಊರಲ್ಲಿ ಐವತ್ತು ವರ್ಷ ಹೀಗೆ ಕಳೆಯುವುದು ಹೇಗೆ ಅಂತ ನೀವು ಕೇಳಬಹುದು. ಕಳೆದುಹೋಗುತ್ತದೆ. ಊರೂ ಹೊಂದಿಕೊಳ್ಳುತ್ತದೆ. ಲಗ್ನದ ಪಂಕ್ತಿಯಲ್ಲಿ ಇವರಿಬ್ಬರನ್ನು ಎದುರುಬದುರು ಕೂರಿಸಬಾರದು ಅಂತ ಬಡಿಸುವವರಿಗೂ ಗೊತ್ತಿತ್ತು.

ಒಂದು ಪಂಚಮಿಯಲ್ಲಿ ನಾನು ತವರಲ್ಲಿದ್ದಾಗ ಫಕೀರಪ್ಪನ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಅಂತ ಸುದ್ದಿ ಬಂತು. ಮಲಪ್ರಭೆ ತುಂಬಿ ಬಂದು ಡಾಕ್ಟರರು ಹೊಳೆದಂಡೆಯ ಮೆಣಸಗಿ ಕಡೆ ದನ ನೋಡಲು ಹೋಗಿದ್ದರು. ಅಣ್ಣ ಎದ್ದು ಒಲೆಯ ಮೇಲೆ ಅಗಸಿ ಕುದಿಯಲಿಟ್ಟ. ಕುದಿಸಿ, ಆರಿಸಿ, ಹಗ್ಗ ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತ.

"ಹೋಗಿ ಬರ್ರಲ್ಲ," ಅಂದಳು ಅತ್ತಿಗೆ.

"ಕರದ್ರ ಹೋಗ್ತೀನಿ."

"ಅವರು ಕರೀಲಿಲ್ಲಂದ್ರ?"

"ಕರದ್ರ ಹೋಗ್ತೀನಿ ಅಂದ್ನೆಲ್ಲ."

ಆ ಮನೆಯವರು ಕರೆಯಲಿಲ್ಲ. ಸಂಜೆಯ ಹೊತ್ತಿಗೆ ಎಮ್ಮೆಯೂ ಕರುವೂ ಹೋದವು. ಪಾತ್ರೆಯೊಳಗೆ ಲ್ವಾಳಿ ಕೆನೆಗಟ್ಟಿತ್ತು. ಅಣ್ಣ ಅದನ್ನು ಹಿತ್ತಲಿನ ನುಗ್ಗಿಗಿಡದ ಬುಡಕ್ಕೆ ಸುರಿದು ಬಂದು ಊಟ ಬೇಡವೆಂದ. ನಾನು ಒಳಗೆ ಉಂಡಿ ಕಟ್ಟುತ್ತಿದ್ದೆ. ಬೆಲ್ಲದ ಪಾಕ ಕೈಗೆ ಅಂಟಿತ್ತು. ಎದ್ದು ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ಎರಡು ಜೀವ ಉಳಿಯುತ್ತಿದ್ದವೇನೋ. ಉಂಡಿ ಕಟ್ಟುತ್ತಲೇ ಕೂತೆ.

ಇನ್ನು ಮೂರು ವರ್ಷದ ಹಿಂದಿನ ಮಾತು. ಅಣ್ಣ ಕಣ್ಣು ತೋರಿಸಲು ಗಜೇಂದ್ರಗಡಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದ. ನನ್ನ ಮಗ ಇರುವುದು ನರಗುಂದದಲ್ಲಿ. ಅವನ ಮಗಳು ಅಲ್ಲೇ ಇಂಗ್ಲಿಷ್ ಸಾಲಿಗೆ ಹೋಗುತ್ತಾಳೆ, ರಜೆಗೆ ನನ್ನ ಬಳಿ ಬಂದಿದ್ದಳು. ಬಜಾರಿನಲ್ಲಿ ಹಟ ಮಾಡಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಡಿಸಿಕೊಂಡಳು. ಮುಚ್ಚಳ ತೆಗೆದರೆ ಹಸಿರು ಬಣ್ಣದ, ಮೆತ್ತಗೆ ತಣ್ಣಗಿನ ಅಂಟು. ಎಳೆದರೆ ಉದ್ದಕ್ಕೆ ಬರುತ್ತದೆ, ಬಿಟ್ಟರೆ ಅಂಗೈಯಲ್ಲಿ ಕರಗಿ ಕೂರುತ್ತದೆ. ಮಕ್ಕಳು ಅದನ್ನು ಸುಮ್ಮನೆ ಹಿಚುಕುತ್ತ ಕೂರುತ್ತಾರೆ. ಅದೇ ಆಟ.

ಅಣ್ಣ ಅದನ್ನು ಕೈಗೆ ತೆಗೆದುಕೊಂಡ. ಎರಡು ಬೆರಳಲ್ಲಿ ಹಿಡಿದು, ಬಾಗಿಲ ಬಿಸಿಲಿಗೆ ಒಯ್ದು, ಎಳೆ ಎಳೆದ. ನನಗೆ ನಗು ತಡೆಯಲಾಗಲಿಲ್ಲ.

"ಏನಜ್ಜಾ ನೋಡ್ತಿ?"

"ಇದು ಇನ್ನೂ ಎರಡು ದಿನ ತಡೀಬೇಕವಾ. ಭಾಳ ಗಟ್ಟಿ ಐತಿ. ಈಗ ಡಾಕ್ಟರನ್ನ ಕರದ್ರ ಗಬ್ಬ ನಿಲ್ಲಂಗಿಲ್ಲ."

ಕೂಸಿಗೆ ಅರ್ಥವಾಗಲಿಲ್ಲ. "ಅಜ್ಜಾ, ಇದು ಸ್ಲೈಮ್!"

"ಏನಂದಿ?"

"ಸ್ಲೈಮ್. ಇಂಗ್ಲಿಷ್‌ದಾಗ. ನಿಮ್ಮ ಕನ್ನಡದಾಗ ಲ್ವಾಳಿ."

ಅಣ್ಣ ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ನೋಡಿದ. "ಸಲಾಯಿಮ್. ಚಲೋ ಐತಿ. ಅಂದ್ರ ಇಂಗ್ಲಿಷ್‌ನ್ಯಾಗ ನಾ ಸಲಾಯಿಮಪ್ಪ!"

ಮೊಮ್ಮಗಳಿಗೆ ರಜೆಯ ಮನೆಗೆಲಸ ಇತ್ತು. ಒಂದು ಇಂಗ್ಲಿಷ್ ಶಬ್ದ ಆರಿಸಿಕೊಂಡು ಅದಕ್ಕೆ ಏನೇನು ಅರ್ಥವಿದೆಯೋ ಎಲ್ಲ ಬರೆದು ಚಿತ್ರ ತೆಗೆಯಬೇಕು. ಡಬ್ಬಿ ಕೈಯಲ್ಲೇ ಇತ್ತಲ್ಲ, ಅದನ್ನೇ ಆರಿಸಿಕೊಂಡಳು. ಮೊಬೈಲಿನಲ್ಲಿ ನೋಡಿ ಒಂದೊಂದೇ ಅರ್ಥ ಓದಿ ಹೇಳುತ್ತಿದ್ದಳು. ಅಣ್ಣ ಗೋಡೆಗೆ ಒರಗಿ ಕೂತು, ಆ ಹಸಿರು ಅಂಟನ್ನು ಹಿಚುಕುತ್ತ, ಅದಕ್ಕೆ ನಮ್ಮ ಶಬ್ದ ಹೇಳುತ್ತಿದ್ದ.

"ಕೆರೀ ತಳದಾಗಿನ ಮೆತ್ತನ್ನ ಕೆಸರು."

"ರೊಜ್ಜ. ಬರಿ."

"ನೀರಾಗಿನ ಕಲ್ಲಿನ ಮ್ಯಾಲ ಇರ್ತೈತಲ್ಲ, ಜಾರೂದು."

"ಹಾವಸಿ. ನಿಮ್ಮ ಅಜ್ಜಿ ಅದರ ಮ್ಯಾಲ ಬಿದ್ದ ಹಲ್ಲ ಮುರಕೊಂಡಿದ್ಲು. ಅಕಿದೂ ಚಿತ್ರಾ ತಗಿ."

"ಬಸವನಹುಳದ್ದು, ಮೀನಿಂದು, ಮೈಮ್ಯಾಲಿಂದು."

"ಲ್ವಾಳಿ. ಅದು ನಂದು. ದೊಡ್ಡ ಅಕ್ಷರದಾಗ ಬರಿ."

"ಮೂಗಿನ್ಯಾಗಿಂದು." ಅವಳು ಕಿಸಿಕಿಸಿ ನಕ್ಕಳು.

"ಸುಂಬಳ. ನಿಂದು."

"ಹಿಂದಕ ಒಂದ ದೇಶದಾಗ ಮನಿ ಕಟ್ಟೂವಾಗ ಇಟ್ಟಂಗಿ ನಡುವ ಹಚ್ಚತಿದ್ದರಂತ, ಡಾಂಬರ ಇದ್ದಂಗ. ಅದಕ್ಕೂ ಸ್ಲೈಮ್ ಅಂತಿದ್ರಂತ."

"ನಮ್ಮ ಕಡೆ ಗಚ್ಚಿನ್ಯಾಗ ಲೋಳಸರ ಹಿಂಡಿ ಹಾಕ್ತಿದ್ದರು. ಎಲ್ಲಾ ದೇಶದಾಗೂ ಲ್ವಾಳಿ ಇಲ್ಲದ ಏನೂ ನಿಂದ್ರಂಗಿಲ್ಲ."

ಆಮೇಲೆ ಅವಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, "ಅಜ್ಜಾ, ಇದು ತಪ್ಪೈತಿ ಅನ್ನಸ್ತೈತಿ," ಅಂದಳು. "ಸ್ಲೈಮ್ ಮಾಡೂದು ಅಂದ್ರ ಲ್ವಾಳಿ ಹಚ್ಚೂದು ಅಂತ ಬರದಾರ. ಕೆಳಗ ಮತ್ತ, ಮೀನಿನ ಮ್ಯಾಲಿನ ಲ್ವಾಳಿ ತಗಿಯೂದು ಅಂತನೂ ಬರದಾರ. ಎರಡೂ ಹೆಂಗ ಒಂದ ಆಕ್ಕಾವು?"

ಅಣ್ಣನಿಗೆ ಎಲ್ಲಿಲ್ಲದ ಖುಷಿ. ನೆಟ್ಟಗೆ ಕೂತ. "ಖರೇ ಐತಿ ಬರಕೋ! ತಪ್ಪಿಲ್ಲ! ನನಗ ಊರ ಮಂದಿ ಹಚ್ಚಿದ್ರು, ನಾ ಊರ ಕರಗೋಳದ್ದು ತಗದೆ. ಎರಡೂ ಒಂದ ಹೆಸರಿನ್ಯಾಗ ಆತು."

ಉಳಿದದ್ದು ಇನ್ನೊಂದೇ ಅರ್ಥ. ಓದಿ ಅವಳು ಮೊಬೈಲನ್ನು ಬೋರಲು ಹಾಕಿದಳು. ಅಣ್ಣ ಬಿಡಲಿಲ್ಲ. "ಹೇಳವಾ, ಏನೈತಿ?"

"ಮನಷ್ಯಾರಿಗೂ ಅಂತಾರಂತ. ಕೆಟ್ಟವರಿಗೆ. ನೋಡಿದ್ರ ಹೇಸಿಗಿ ಬರೂವಂಥವರಿಗೆ."

ನಾನು ಅಣ್ಣನ ಮುಖ ನೋಡಿದೆ. ಅವನು ಜೋರಾಗಿ ನಕ್ಕ. ನಗುತ್ತಲೇ ಹೇಳಿದ: "ನೋಡ ಹಂಗಾರ! ನಮ್ಮ ಫಕೀರ್ಯಾ ಎಬಿಸಿಡಿ ಬರೂಕಿಂತ ಮೊದಲ ಇಂಗ್ಲಿಷ್ ಕಲತಿದ್ದ!"

ಅಷ್ಟು ವರ್ಷಗಳಲ್ಲಿ ಫಕೀರಪ್ಪನ ಹೆಸರು ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ತಮಾಷೆಗೆ ಅಂದ. ಆದರೆ ಆ ಹೆಸರು ಬಂದ ಮೇಲೆ ನಗು ಮುಂದೆ ಹೋಗಲಿಲ್ಲ, ನಡುವೆಯೇ ನಿಂತಿತು. ನನ್ನ ಬಾಯಿ ತಾನಾಗಿ ತೆರೆಯಿತು.

"ಅಣ್ಣಾ, ಫಕೀರಪ್ಪ ಅಲ್ಲ. ನಾನು."

"ಏನ ನೀನು?"

"ಲ್ವಾಳ್ಯಾ ಅಂತ ಮೊದಲ ಅಂದಾಕಿ ನಾನು. ಬೇವಿನ ಗಿಡದ ಕೆಳಗ. ನೀ ಕೇಳಿದಾಗ ಅವನ ಹೆಸರ ಹೇಳಿದ್ನಿ."

ಅವನ ಕೈ ಹಿಚುಕುವುದನ್ನು ನಿಲ್ಲಿಸಿತು. ಹಸಿರು ಅಂಟು ಬೆರಳ ಸಂದಿಯಿಂದ ಇಳಿದು ಧೋತರದ ಮೇಲೆ ಬಿತ್ತು. ಅವನು ನೋಡಲಿಲ್ಲ. ಮೊಮ್ಮಗಳು ನನ್ನನ್ನೊಮ್ಮೆ ಅವನನ್ನೊಮ್ಮೆ ನೋಡಿದಳು. ಅಣ್ಣ ಅವಳನ್ನೇ ಕೇಳಿದ: "ನನ್ನವ್ವಾ, ಕೂಸಿನ ತೊಟ್ಟಲದಾಗ ಹಾಕಿ ಹೆಸರ ಇಡೂದು ನೋಡೀಯಿಲ್ಲ? ಹೆಸರ ಇಟ್ಟಾಕಿಗೆ ಏನ ಕೊಡ್ತಾರ?"

"ಸೀರಿ?"

"ಸೀರಿ ಆಮ್ಯಾಲ. ಮೊದಲ?"

ಅವಳಿಗೆ ನೆನಪಾಯಿತು. ಕೂಸಿನ ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಸುತ್ತ ನಿಂತ ಹೆಂಗಸರೆಲ್ಲ ಸೇರಿ ಗುದ್ದುತ್ತಾರೆ. ನಮ್ಮ ಕಡೆ ಅದು ಸಂಪ್ರದಾಯ. "ಗುದ್ದು!" ಅಂತ ಕೂಗಿದಳು.

"ಹಾಂ. ಬಗ್ಗ ತಂಗೆವ್ವಾ. ಐವತ್ತ ವರ್ಷದ ಗುದ್ದು ಬಾಕಿ ಐತಿ."

ಬಗ್ಗಿದೆ. ಗುದ್ದಿದ. ಮುದುಕನ ಕೈ ಅಂತ ತಿಳಿದಿದ್ದೆ. ಕರು ಎಳೆಯುವ ಕೈ ಅದು, ನೋಯಿತು. ಮೊಮ್ಮಗಳೂ ಒಂದು ಕೊಟ್ಟಳು. ಮೂವರೂ ನಕ್ಕೆವು. ಇಷ್ಟು ಸುಲಭವಿತ್ತೇ ಅಂತ ನನಗೆ ನಗುವಿನೊಳಗೇ ಅಳು ಬಂತು.

ಮುಗಿಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಚಹಾ ಕೊಟ್ಟರೆ ಅಣ್ಣ ಕಪ್ಪನ್ನು ಕೆಳಗಿಟ್ಟ. ಮುಖ ಬೇರೆ ಆಗಿತ್ತು.

"ಹೆಸರಿಂದು ಮುಗೀತು," ಅಂದ. "ತಂಗಿ ಇಟ್ಟಿದ್ದು ಅಂದ ಮ್ಯಾಲೆ ಇನ್ನೂ ಚಲೋ ಆತು. ಆದ್ರ ಸುಳ್ಳಿಂದು ಐತೆಲ್ಲ, ಅದು ನನ್ನ ಕಡೆ ಇಲ್ಲ. ಅದನ್ನ ನಾ ಗುದ್ದಿ ಮುಗಸಾಕ ಬರಂಗಿಲ್ಲ. ಅದು ಫಕೀರ್ಯಾನ ಕಡೆ ಐತಿ. ಅಂವಾ ಬಸವಣ್ಣನ ಕೊಂಬ ಹಿಡದು ಖರೇ ಹೇಳಿದ್ದ. ನಾ ನಂಬಲಿಲ್ಲ." ಕಪ್ಪನ್ನು ಇನ್ನಷ್ಟು ದೂರ ಸರಿಸಿ ಹೇಳಿದ: "ಅವನ ಎಮ್ಮಿ ಸತ್ತಾಗ ನಾ ಕಟ್ಟಿಮ್ಯಾಲೆ ಕುಂತಿದ್ದೆ."

"ನೀ ಹೇಳು ಅಣ್ಣಾ ಅವನಿಗೆ," ಅಂದೆ.

"ನಾ ಹೇಳಿದ್ರ ಚಾಡಿ ಆಕ್ಕೈತಿ. ನೀ ಹೇಳಿದ್ರ ತಪ್ಪ ಒಪ್ಕೊಂಡಂಗ ಆಕ್ಕೈತಿ. ಸೀರಿ ಉಟ್ಕೋ ನಡಿ."

ಮೊಮ್ಮಗಳನ್ನು ನೆರೆಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆವು. ರೋಣದವರೆಗೆ ಅಣ್ಣ ಕಿಟಕಿಯಿಂದ ಹೊರಗೆ ನೋಡುತ್ತ ಕೂತ. ರೋಣ ದಾಟಿದ ಮೇಲೆ ಮದುಮಗನಂತೆ ಚಡಪಡಿಸತೊಡಗಿದ. ಟೊಪ್ಪಿಗೆ ತೆಗೆದ, ಇಟ್ಟ. "ಅಂಗಿ ಚಲೋ ಐತೇನ?" ಅಂತ ಎರಡು ಸಲ ಕೇಳಿದ. ನಾನು ಮುಂದಿನ ಸೀಟಿನ ಸರಳು ಹಿಡಿದು ಕೂತಿದ್ದೆ.

ಆಮೇಲೆ ಏನಾಯಿತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಬ್ಬರಿಗೆ ಎರಡು ವರ್ಷ ಸಿಕ್ಕಿತು. ಮಧ್ಯಾಹ್ನ ಒಬ್ಬರ ಕಟ್ಟೆಯ ಮೇಲೆ, ಸಂಜೆ ಇನ್ನೊಬ್ಬರ ಕಟ್ಟೆಯ ಮೇಲೆ ಕೂರುತ್ತಿದ್ದರು. ಫಕೀರಪ್ಪನ ಮನೆಯಲ್ಲಿ ಅಣ್ಣ ಮೂರು ಕರು ತೆಗೆದ. ಗಿಣ್ಣಕ್ಕೆ ಏಲಕ್ಕಿ ಕಮ್ಮಿ ಅಂತ ಮೂರು ಸಲವೂ ಜಗಳ ತೆಗೆದ. ಊರಲ್ಲಿ ಫಕೀರಪ್ಪ ಒಬ್ಬನೇ ಅವನನ್ನು ಪಟ್ಟಿಯಲ್ಲಿದ್ದ ಹೆಸರು ಹಿಡಿದು ಕರೆಯುತ್ತಿದ್ದ. ಅಣ್ಣನಿಗೆ ಅದು ತನ್ನನ್ನೇ ಅಂತ ತಿಳಿಯಲು ಹೊತ್ತು ಬೇಕಾಗುತ್ತಿತ್ತು. ಓ ಅಂದರೂ ಫಕೀರಪ್ಪನಿಗೆ ಕೇಳುತ್ತಿರಲಿಲ್ಲ, ಅವನಿಗೆ ಕಿವಿ ಮಂದ. ಹೀಗೆ ಒಬ್ಬ ಕರೆಯುತ್ತ, ಇನ್ನೊಬ್ಬ ಓ ಅನ್ನುತ್ತ ಇರುವುದನ್ನು ನೋಡಿ ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಣ್ಣ ಹೋದ ದಿನ ಮೊದಲ ಹೆಗಲು ಕೊಟ್ಟವನು ಫಕೀರಪ್ಪ. ವಯಸ್ಸಾಗಿದೆ, ಬಿಡಿ ಅಂದರೂ ಬಿಡಲಿಲ್ಲ. ಅಣ್ಣನ ಕಡೆಯ ದಿನಗಳು ತುಂಬಿಕೊಂಡೇ ಹೋದವು. ಅದನ್ನು ನೆನೆದಾಗ ನನಗೆ ನೆಮ್ಮದಿ. ಆ ಎಮ್ಮೆಯನ್ನು ನೆನೆದಾಗ ಇಲ್ಲ.

ಆ ದಿನ ನಾವು ಹೋದಾಗ ಫಕೀರಪ್ಪ ಮನೆಯ ಮುಂದೆ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದ. ಪಕ್ಕದಲ್ಲಿ ಮೂರು ನಾಲ್ಕು ಜನ ಹರಟುತ್ತಿದ್ದರು. ಅಣ್ಣ ಆ ಓಣಿಯಲ್ಲಿ ಮೊದಲ ಸಲ ನಿಧಾನಕ್ಕೆ ನಡೆದು ಬಂದು ಅವನ ಮುಂದೆ ನಿಂತ. ಹರಟೆ ನಿಂತಿತು. ಫಕೀರಪ್ಪ ಮೊರ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದ.

"ಏನವಾ, ಅಣ್ಣಾ ತಂಗಿ ಇಬ್ಬರೂ ಕೂಡಿ ಬಂದೀರಿ? ಯಾರರೆ ಹೋದ್ರೇನ?"

"ಇಲ್ರಿ," ಅಂದೆ ಸಣ್ಣ ದನಿಯಲ್ಲಿ. "ಅವತ್ತ ಸಾಲ್ಯಾಗ ನಾನ ಅಂದಿದ್ದು. ತಪ್ಪಾತ್ರಿ."

ಫಕೀರಪ್ಪ ಕಿವಿಗೆ ಅಂಗೈ ಹಚ್ಚಿಕೊಂಡ. "ಏನ? ಸಾಲ ಬೇಕಾಗೈತಿ?"

ಕೂತಿದ್ದವರು ನಕ್ಕರು. ನಾನು ಅಣ್ಣನ ಕಡೆ ನೋಡಿದೆ, ನೀನಾದರೂ ಹೇಳು ಅಂತ. ಅವನು ತಲೆ ಅಲ್ಲಾಡಿಸಿದ.

"ದೊಡ್ಡದಾಗಿ ಹೇಳವಾ," ಅಂದ ಫಕೀರಪ್ಪ. "ಕಿವಿ ಹ್ವಾದಾವು ನನ್ನವು. ಓಣಿಗೆ ಕೇಳೂವಂಗ ಹೇಳಿದ್ರ ನನಗೂ ಕೇಳ್ತೈತಿ."

ಎದುರು ಮನೆಯ ಬಾಗಿಲಲ್ಲಿ ಹೆಂಗಸರು ಬಂದು ನಿಂತರು. ನಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಉಸಿರು ತುಂಬಿಕೊಂಡು, ಓಣಿಗೆ ಓಣಿಯೇ ಕೇಳುವ ಹಾಗೆ ಕೂಗಿದೆ:

"ಫಕೀರಪ್ಪಣ್ಣಾರ! ಲ್ವಾಳ್ಯಾ ಅಂತ ಮೊದಲ ಅಂದಾಕಿ ನಾನ್ರೀ! ನಮ್ಮಣ್ಣಗ ನಿಮ್ಮ ಹೆಸರ ಹೇಳಿದಾಕಿನೂ ನಾನ! ಬಸವಣ್ಣನ ಮುಂದ ನೀವು ಖರೇ ಹೇಳಿದ್ರಿ, ಸುಳ್ಳ ಹೇಳಿದಾಕಿ ನಾನು! ಭಾಳ ದೊಡ್ಡ ತಪ್ಪ ಮಾಡೇನ್ರಿ, ಹೊಟ್ಟ್ಯಾಗ ಹಾಕ್ಕೊಳ್ರಿ!"